ಹದಿನಾಲ್ಕು ರೂಪಾಯಿ ಹನ್ನೆರಡಾಣೆ

2025ರ ಮಾರ್ಚ್ ತಿಂಗಳಲ್ಲಿ ಖುಲ್ತಾಬಾದಿನ ಹೆಸರು ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ಅಲ್ಲಿರುವ ಔರಂಗಜೇಬನ ಗೋರಿ ಇರಬೇಕೋ ಬೇಡವೋ ಎಂದು ಜಗಳ. ನಮ್ಮ ಹಾಸ್ಟೆಲಿನಲ್ಲಿ ಕೂಡ ರಾತ್ರಿ ಊಟವಾದ ಮೇಲೆ ಅದೇ ಮಾತು. ಎಲ್ಲರೂ ಇತಿಹಾಸ ಹೇಳುವವರೇ! ನಾನೊಬ್ಬ ಸುಮ್ಮನೆ ಕೂತಿದ್ದೆ. “ನೀ ಯಾಕೋ ಮಾತಾಡವಲ್ಲಿ? ನೀ ಮಹಾರಾಷ್ಟ್ರದಾಂವ ಅಲ್ಲೇನು?” ಎಂದು ಒಬ್ಬ ಕೆಣಕಿದ. “ಆ ಗೋರಿ ನಾ ನೋಡೀನಿ” ಎಂದೆ. ಅಷ್ಟೇ ಹೇಳಿದೆ. ಅದರ ಮುಂದೆ ನಿಂತಾಗ ನನಗೇನಾಗಿತ್ತು ಎಂಬುದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಇತಿಹಾಸದ ವಿಷಯವಲ್ಲ, ಒಂದು ಲೆಕ್ಕದ ವಿಷಯ.

ನಮ್ಮದು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಹಳ್ಳಿ. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಊರಲ್ಲಿರುವುದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ಒಂದರಿಂದ ಏಳನೆಯವರೆಗೆ ತರಗತಿ, ಮೂರು ಕೋಣೆ, ಮೂವರು ಗುರುಗಳು. ನಮ್ಮ ಕನ್ನಡ ಪಠ್ಯಪುಸ್ತಕ ಅಚ್ಚಾಗಿ ಬರುತ್ತಿದ್ದದ್ದು ಪುಣೆಯ ಬಾಲಭಾರತಿಯಿಂದ ಎಂದರೆ ಇಲ್ಲಿಯ ಗೆಳೆಯರು ಈಗಲೂ ನಂಬುವುದಿಲ್ಲ. ಹಾಗೇ ಇದೆ ನಮ್ಮ ಕಡೆ.

ಆ ಶಾಲೆಯಲ್ಲಿ ಪಾಠಕ್ಕಿಂತ ಉಳಿದದ್ದೇ ನನಗೆ ಹೆಚ್ಚು ನೆನಪಿದೆ. ಮುಂಜಾನೆ ಪರಿಪಾಠ: ಪ್ರಾರ್ಥನೆ, ಸುವಿಚಾರ, ದಿನವಿಶೇಷ, ಆಮೇಲೆ ಒಬ್ಬರು ಪೇಪರಿನ ಸುದ್ದಿ ಓದಬೇಕು. ಶಾಲೆಯ ಹಿಂದೆ ಪರಸಬಾಗ. ನಾವು ಹಾಕಿದ ಮೆಂತೆ, ಬದನೆ ನಮ್ಮ ಖಿಚಡಿಗೇ ಬೀಳುತ್ತಿತ್ತು. ಆಗಸ್ಟ್ 15ಕ್ಕೆ ಊರ ತುಂಬ ಪ್ರಭಾತಫೇರಿ. ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹತ್ತರಸಂಗ ಕೂಡಲಕ್ಕೆ ಹೋಗುವುದು. ಭೀಮಾ ಮತ್ತು ಸೀನಾ ಕೂಡುವ ಜಾಗ ಅದು. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ 1018ರ ಮರಾಠಿ ಶಾಸನವಿದೆ. “ಊರಿನ ಹೆಸರು ಕನ್ನಡ, ಶಾಸನ ಮರಾಠಿ. ಎರಡೂ ನಮ್ಮವೇ, ನೆನಪಿಟ್ಕೋರಿ” ಎಂದು ಗುರೂಜಿ ಹೇಳುತ್ತಿದ್ದರು.

ಇವೆಲ್ಲಕ್ಕಿಂತ ಮಜಾ ಎಂದರೆ ಮಕ್ಕಳ ಸಂತೆ. ಬಾಲ ಆನಂದ ಮೇಳಾವ ಎಂದು ಅದಕ್ಕೆ ಸರಕಾರಿ ಹೆಸರು. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ನಾವೇ ಮಾರುವುದು, ಊರವರು ಬಂದು ಕೊಳ್ಳುವುದು. ಸಂಜೆಗೆ ಬಂಡವಾಳ, ಮಾರಾಟ, ಲಾಭ-ನಷ್ಟ ಬರೆದು ತೋರಿಸಬೇಕು. ಆರನೆಯತ್ತೆಯಲ್ಲಿ ನಾನು 40 ರೂಪಾಯಿಯ ಕೊತ್ತಂಬರಿ, ನಿಂಬೆಹಣ್ಣು ತಂದು 65ಕ್ಕೆ ಮಾರಿದೆ. ನನ್ನ ಪಕ್ಕದಲ್ಲಿ ಕೂತ ಗೆಳೆಯ 30 ರೂಪಾಯಿಯ ಶೇಂಗಾ ಕುದಿಸಿ ತಂದಿದ್ದ. ಅವನ ಮಾರಾಟ 18 ರೂಪಾಯಿ. ನಷ್ಟದ ಕಾಲಮಿನಲ್ಲಿ 12 ಎಂದು ಬರೆದು, ಕಾರಣ: “ಸಣ್ಣ ಹುಡುಗರು ತಿಂದರು” ಎಂದು ಬರೆದಿದ್ದ. ಎಲ್ಲರೂ ನಕ್ಕರು. ಗುರೂಜಿಯೂ ನಕ್ಕರು. ಆದರೆ “ನಷ್ಟ ಆತು, ಖರೆ. ಸುಳ್ಳು ಮಾತ್ರ ಬರದಿಲ್ಲ ನೋಡ್ರಿ” ಎಂದರು. ನನ್ನ 25 ರೂಪಾಯಿ ಲಾಭಕ್ಕೆ ಅವರು ಏನೂ ಅನ್ನಲಿಲ್ಲ. ನನಗೆ ಒಳಗೇ ಉರಿಯಿತು.

ಆದರೂ ಸಹಲಿನ ಲೆಕ್ಕದ ವಹಿ ಬಂದದ್ದು ನನ್ನ ಕೈಗೇ. ಸಹಲು ಎಂದರೆ ಶಾಲೆಯ ಪ್ರವಾಸ. ಆ ವರ್ಷ, ಎಂದರೆ 2016-17ರಲ್ಲಿ, ಪಕ್ಕದೂರಿನ ಶಾಲೆಯವರನ್ನು ಸೇರಿಸಿಕೊಂಡು ಒಂದು ಎಸ್.ಟಿ. ಬಸ್ಸು ಮಾಡಿ ವೇರೂಳ-ಖುಲ್ತಾಬಾದಿಗೆ ಹೋಗುವುದೆಂದಾಯಿತು. ಶಾಲೆಯ ಸಹಲಿಗೆ ಎಸ್.ಟಿ.ಯಲ್ಲಿ ಅರ್ಧ ರಿಯಾಯತಿ. ತಲೆಗೆ 500 ರೂಪಾಯಿ. ನಮ್ಮ ಶಾಲೆಯಿಂದ 19 ಹೆಸರು. ಕೈಲಾಸ ಗುಡಿಯ ಮುಂದೆ ನಿಂತು ರಾಷ್ಟ್ರಕೂಟರ ಬಗ್ಗೆ ಹತ್ತು ಸಾಲು ಭಾಷಣ ಮಾಡಲಿಕ್ಕೆ ಗುರೂಜಿ ಆರಿಸಿದ್ದು ಆ ಗೆಳೆಯನನ್ನು. ಓದುವುದರಲ್ಲಿ, ಮಾತಿನಲ್ಲಿ ಅವನ ಸಮ ಯಾರೂ ಇರಲಿಲ್ಲ. ಅದೂ ನನಗೆ ಉರಿಯಿತು.

ಹೆಸರು ಬರೆಸಿದ ಸ್ವಲ್ಪ ದಿನಕ್ಕೇ, ನವೆಂಬರ್ 8ರ ರಾತ್ರಿ, 500 ಮತ್ತು 1000ದ ನೋಟು ರದ್ದಾದವು. ಮರುದಿನ ಪರಿಪಾಠದಲ್ಲಿ ಆ ಸುದ್ದಿ ಓದಿದವನೂ ಅವನೇ! ಗುರೂಜಿ ನಮ್ಮನ್ನು ಕ್ಷೇತ್ರಭೇಟಿ ಎಂದು ಬ್ಯಾಂಕಿಗೆ ಕರೆದೊಯ್ದರು. ಪಾಳಿ ರಸ್ತೆಯವರೆಗೆ ಬಂದಿತ್ತು. ಒಳಗೆ ಹೋಗಲಾಗದೆ ಬೇವಿನ ಗಿಡದ ಕೆಳಗೆ ಕೂತು ಚಲನ್ ತುಂಬುವುದನ್ನು ಕಲಿತೆವು. ಓದು ಬಾರದ ನಾಲ್ಕೈದು ಮುದುಕರಿಗೆ ನಾವೇ ತುಂಬಿಕೊಟ್ಟೆವು. ಡಿಸೆಂಬರ್ 30ರ ತನಕ ಹಳೆ ನೋಟು ಖಾತೆಗೆ ಹಾಕಬಹುದು, ಆಮೇಲೆ ಇಲ್ಲ ಎಂದು ಗುರೂಜಿ ಊರಲ್ಲೆಲ್ಲಾ ಹೇಳಿಸಿದರು. ಶಾಲೆಯಲ್ಲಿ ನಮಗೂ ಹೇಳಿದರು: “ರೊಕ್ಕದ ಸಲುವಾಗಿ ಯಾರೂ ಹಿಂದ ಉಳೀಬಾರದು. ಯಾರಿಗರೆ ತ್ರಾಸಿದ್ರ ವಹಿ ಹಿಡಿದಾಂವ ನನಗ ಬಂದು ಹೇಳಬೇಕು.” ವಹಿ ಹಿಡಿದವನು ನಾನು.

ಗೆಳೆಯನ ಅಪ್ಪ-ಅವ್ವ ಕಬ್ಬಿನ ಟೋಳಿಯ ಜೊತೆ ದಸರಾ ಮುಗಿದ ಮೇಲೆ ಫ್ಯಾಕ್ಟರಿ ಕಡೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ಅವನು ಇಬ್ಬರೇ. ಹೋಗುವಾಗ ಸಹಲಿಗೆಂದು ಅವರು ಕೊಟ್ಟ 500ರ ಒಂದು ನೋಟನ್ನು ಅಜ್ಜಿ ಜೋಳದ ಹಗೇವಿನಲ್ಲಿ ಇಟ್ಟಂತೆ ಜೋಪಾನವಾಗಿ ಎಲ್ಲೋ ಇಟ್ಟಿದ್ದಳು. ನೋಟಿನ ಗದ್ದಲ ಸಾವಕಾರರದು, ನಮ್ಮ ಒಂದು ನೋಟಿಗೆ ಏನು ಎಂದು ಆಕೆಯ ತಿಳುವಳಿಕೆ. ಜನವರಿಯಲ್ಲಿ, ಸಹಲಿನ ಮುನ್ನಾದಿನ, ಅದನ್ನು ಮೊಮ್ಮಗನ ಕೈಗೆ ಕೊಟ್ಟಳು. ನೋಡಿದ ಕೂಡಲೇ ಅವನಿಗೆ ಗೊತ್ತಾಗಿರಬೇಕು. ಆದರೂ ತಂದ. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಇದು ನಡೀತದೇನು ನೋಡೋ” ಎಂದ.

ನಾನು ನೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಇದು ರದ್ದಿ ಆಗೇದೋ! ಸಂತಿಯೊಳಗ ಸಣ್ಣ ಹುಡುಗರಿಗೆ ಕೊಡು, ತಿಂತಾವ!” ಎಂದೆ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನು ನೋಟನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿ ಮನೆಗೆ ಹೋದ. ಗುರೂಜಿ ಹತ್ತಿರದ ಕೋಣೆಯಲ್ಲೇ ಇದ್ದರು. ಹತ್ತು ಹೆಜ್ಜೆ. ನಾನು ಹೋಗಿ ಹೇಳಲಿಲ್ಲ. ವಹಿಯಲ್ಲಿ 11ನೆಯ ನಂಬರಿನ ಮೇಲೆ ಒಂದು ಗೆರೆ ಎಳೆದೆ.

ಮರುದಿನ ನಸುಕಿನ ನಾಲ್ಕಕ್ಕೆ ಬಸ್ಸು ಬಂತು. ಗುರೂಜಿ ತಲೆ ಎಣಿಸಿ, “18 ಆದ್ವು. ಭಾಷಣದಾಂವ ಎಲ್ಲಿ?” ಎಂದರು. ನನ್ನ ಬಾಯಿಂದ ತಾನಾಗಿ ಬಂತು: “ಅವರ ಅಜ್ಜಿಗೆ ಆರಾಮಿಲ್ಲಂತ್ರಿ ಗುರೂಜಿ. ಬರೂದಿಲ್ಲಂತ.” ಅವರು ಅವನ ಓಣಿಯ ಕಡೆ ಸ್ವಲ್ಪ ಹೊತ್ತು ನೋಡಿದರು. ಡ್ರೈವರ್ ಹಾರ್ನ್ ಹೊಡೆದ. ಬಸ್ಸು ಬಿಟ್ಟಿತು. ಭಾಷಣದ ಚೀಟಿ ನನ್ನ ಕೈಗೆ ಬಂತು.

ತುಳಜಾಪುರ, ಬೀಡ ದಾಟಿ ಶಹಾಗಡದ ಹತ್ತಿರ ಗೋದಾವರಿ ಬಂದಾಗ ಗುರೂಜಿ ಬಸ್ಸಿನಲ್ಲಿ ಎದ್ದು ನಿಂತರು. ಕಾವೇರಿಯಿಂದ ಈ ನದಿಯ ತನಕ ಕನ್ನಡ ನಾಡು ಎಂದು ಸುಮಾರು 850ರ ಹೊತ್ತಿಗೆ ಕವಿರಾಜಮಾರ್ಗ ಹೇಳಿತ್ತು, ನಾವೀಗ ಆ ಗಡಿ ದಾಟುತ್ತಿದ್ದೇವೆ ಎಂದರು. ಹುಡುಗರು ಕಿಟಕಿಯಿಂದ ನಾಣ್ಯ ಒಗೆದರು. ಸಂಜೆಗೆ ಔರಂಗಾಬಾದ್, 2023ರಲ್ಲಿ ಅದರ ಹೆಸರು ಛತ್ರಪತಿ ಸಂಭಾಜಿನಗರವಾಗಿದೆ. ಅಲ್ಲಿಂದ ಘಾಟು ಹತ್ತಿ ಖುಲ್ತಾಬಾದಿನ ಧರ್ಮಶಾಲೆಯಲ್ಲಿ ವಸ್ತಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಎಲ್ಲರೂ ಹಂಚಿಕೊಂಡು ತಿಂದೆವು.

ಬೆಳಿಗ್ಗೆ ಭದ್ರಾ ಮಾರುತಿ. ಅಲ್ಲಿಯ ಹನುಮಪ್ಪ ನಿಂತಿಲ್ಲ, ಮಲಗಿದ್ದಾನೆ. ಹುಡುಗರಿಗೆ ಅದೇ ಆಶ್ಚರ್ಯ. ಆಮೇಲೆ ಝೈನುದ್ದೀನ್ ಶಿರಾಜಿಯವರ ದರ್ಗಾ. ಅದರ ಅಂಗಳದ ಮೂಲೆಯಲ್ಲಿ ಔರಂಗಜೇಬನ ಗೋರಿ. ನಾನು ತಾಜಮಹಲಿನ ತಮ್ಮನನ್ನು ಕಾಣುತ್ತೇನೆ ಎಂದುಕೊಂಡಿದ್ದೆ. ಮೇಲೆ ಗುಮ್ಮಟವಿಲ್ಲ, ಆಕಾಶ. ನಡುವೆ ಬರೀ ಮಣ್ಣು, ಅದರಲ್ಲಿ ಒಂದು ಗಿಡ. ಸುತ್ತಲಿನ ಅಮೃತಶಿಲೆಯ ಜಾಲರಿ ಬ್ರಿಟಿಷರ ಕಾಲಕ್ಕೆ ಆದದ್ದು. ಅವನು 1707ರಲ್ಲಿ ಅಹಮದನಗರದಲ್ಲಿ ಸತ್ತ. ಅಲ್ಲಿಂದ ಇಲ್ಲಿಗೆ ತಂದು ಹೂಳಿದರು. ಅಲ್ಲಿದ್ದ ಮುದುಕರೊಬ್ಬರು ಹೇಳಿದರು: ಬಾದಶಹ ತಾನೇ ಟೋಪಿ ಹೊಲಿದು ಮಾರಿ ಗಳಿಸಿದ ಹಣ 14 ರೂಪಾಯಿ 12 ಆಣೆ, ಗೋರಿಗೆ ಅಷ್ಟೇ ಖರ್ಚು ಮಾಡಬೇಕು, ಖಜಾನೆಯ ದುಡ್ಡು ಮುಟ್ಟಬಾರದು ಎಂದು ಬರೆಸಿದ್ದನಂತೆ.

ಹೊರಗೆ ಬಂದ ಮೇಲೆ ಗುರೂಜಿ ಹೇಳಿದರು: “ಆ ಬಾದಶಹ ಯಾರ್ಯಾರಿಗೆ ಏನೇನು ಮಾಡಿದ ಅನ್ನೂದು ಬ್ಯಾರೆ ಲೆಕ್ಕ. ಅದನ್ನ ದೊಡ್ಡವರಾದ ಮ್ಯಾಲ ಓದ್ರಿ. ಆದರ ಸಾಯೂ ಮುಂದ ಮನಷಾಗ ತನ್ನ ವಹಿ ಒಂದ್ಸಲ ತಗದು ನೋಡಬೇಕಂತ ಅನಸ್ತದ.” ಅವರು ನನ್ನನ್ನು ನೋಡಿ ಹೇಳಲಿಲ್ಲ. ಎಲ್ಲರಿಗೂ ಹೇಳಿದರು. ನನ್ನ ಬಗಲಲ್ಲಿ ವಹಿ ಇತ್ತು. ಪೈಸೆ ಪೈಸೆ ಸರಿಯಿದ್ದ ವಹಿ: 18 ಜನ, 9,000 ರೂಪಾಯಿ. ಅದು ಸರಿಯಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತು.

ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಇಳಿದರೆ ವೇರೂಳ. 15 ವರ್ಷದೊಳಗಿನವರಿಗೆ ಟಿಕೇಟಿಲ್ಲ. ಕಾವಲಿನವರು ನಮ್ಮ ಮಾತು ಕೇಳಿ “ಕರ್ನಾಟಕಾತೂನ್ ಆಲಾತ್ ಕಾ?” ಎಂದರು. “ನಾಹೀ, ಸೋಲಾಪೂರ್ ಜಿಲ್ಹಾ” ಎಂದರು ಗುರೂಜಿ. ಒಟ್ಟು 34 ಗವಿ: 12 ಬೌದ್ಧರವು, 17 ಹಿಂದೂಗಳವು, 5 ಜೈನರವು. ಕೈಲಾಸ 16ನೆಯದು. ಬಾಗಿಲು ದಾಟಿ ಒಳಗೆ ಹೋದರೆ ತಲೆ ಎತ್ತಿದಷ್ಟೂ ಗುಡಿ. ಹಿಂದಿನ ಗೋಡೆ 107 ಅಡಿ. ಆನೆಗಳ ಬೆನ್ನ ಮೇಲೆ ಇಡೀ ಗುಡಿ ಕೂತಿದೆ.

ನಾನು ಚೀಟಿ ಬಿಚ್ಚಿದೆ. ಅದು ಅವನ ಅಕ್ಷರದಲ್ಲಿತ್ತು, ದುಂಡಗೆ. ಒಂದನೇ ಕೃಷ್ಣ ರಾಜ, ಸುಮಾರು 756ರಿಂದ 773. ಬುಡದಿಂದ ಕಟ್ಟಿದ್ದಲ್ಲ, ಗುಡ್ಡವನ್ನು ಮೇಲಿನಿಂದ ಕೆಳಗೆ ಕಡಿಯುತ್ತಾ ಬಂದದ್ದು. ಮುಂದೆ ಇದೇ ಮನೆತನದ ಅಮೋಘವರ್ಷ ಮಳಖೇಡದಲ್ಲಿ ಆಳಿದ. ಆರು ಸಾಲು ಓದಿದೆ. ಏಳನೆಯದಕ್ಕೆ ಗಂಟಲು ಕಟ್ಟಿತು. ಅದನ್ನು ಬಿಟ್ಟು ಉಳಿದ ಮೂರು ಹೇಗೋ ಓದಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಊರಿಗೆ ಬಂದು ನಾಲ್ಕು ಪೇರಲಹಣ್ಣು ತೆಗೆದುಕೊಂಡು ಅವನ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು, ಗಟ್ಟಿಮುಟ್ಟಾಗಿ. ಅವನು ಒಂದು ಹಣ್ಣು ಕಚ್ಚಿ, “ಭಾಷಣ ಯಾರು ಮಾಡಿದ್ರು?” ಎಂದ.

“ನಾನೇ.”

“ಏಳನೇ ಸಾಲು ಹೇಳಿದಿಲ್ಲೋ?”

“ಬಿಟ್ಟೆ.”

“ಅದೇ ಚಲೋ ಇತ್ತಲ್ಲೋ!” ಎಂದ. ಮತ್ತೇನೂ ಅನ್ನಲಿಲ್ಲ. ಏಳನೆಯ ಸಾಲಿನಲ್ಲಿದ್ದದ್ದು ಇಷ್ಟು: ಈ ಗುಡಿ ಮುಗಿದಾಗ ಅದನ್ನು ಮಾಡಿದ ಶಿಲ್ಪಿಯೇ ಬೆರಗಾಗಿ, ಇಂಥದ್ದು ಇನ್ನೊಮ್ಮೆ ತನ್ನಿಂದ ಆಗದು ಎಂದನೆಂದು 9ನೆಯ ಶತಮಾನದ ಒಂದು ತಾಮ್ರಶಾಸನ ಹೇಳುತ್ತದೆ.

ನಾನು ಮುಂದೆ ಕನ್ನಡ ಹೈಸ್ಕೂಲು ಮುಗಿಸಿ ಇಲ್ಲಿ ಕಾಮರ್ಸಿಗೆ ಬಂದೆ. ಅವನು ಏಳನೆಯದಾದ ಮೇಲೆ ಶಾಲೆ ಬಿಟ್ಟು ಟೋಳಿ ಸೇರಿದ. ಈಗಲೂ ಕಬ್ಬು ಕಡಿಯುತ್ತಾನೆ. ಒಂದು ಸಹಲು ತಪ್ಪಿದ್ದಕ್ಕೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಅವರ ಮನೆಯ ಸಾಲಕ್ಕೆ ಬೇರೆ ಕಾರಣಗಳಿದ್ದವು. ಆದರೆ ಆ ಎರಡು ದಿನ ಅವನವು. ಅವನ್ನು ತೆಗೆದುಕೊಂಡವನು ನಾನು.

ಆ ವಹಿ ಇನ್ನೂ ನನ್ನ ಟ್ರಂಕಿನಲ್ಲಿದೆ. 11ನೆಯ ನಂಬರಿನ ಮುಂದೆ ಷರಾ: “ಅಜ್ಜಿಗೆ ಆರಾಮಿಲ್ಲ.” ತಪ್ಪು ನಮೂದನ್ನು ಕೆರೆದು ಅಳಿಸಬಾರದು, ಇನ್ನೊಂದು ನಮೂದು ಬರೆದು ಸರಿಪಡಿಸಬೇಕು ಎಂದು ನಮಗೆ ಮೊದಲ ವರ್ಷವೇ ಕಲಿಸಿದ್ದಾರೆ. ಕಲಿತು ಎರಡು ವರ್ಷವಾಯಿತು, ಬರೆಯಲು ಇಷ್ಟು ದಿನ ಬೇಕಾಯಿತು. ಗುರೂಜಿಗೆ ಹೇಳಿದ್ದೇನೆ. ಅವರು ನಿವೃತ್ತರಾಗಿ ಊರಲ್ಲೇ ಇದ್ದಾರೆ. ಕೇಳಿ ಸುಮ್ಮನಿದ್ದು, “ಅವಗ ಹೇಳಿದೇನು?” ಎಂದು ಮಾತ್ರ ಕೇಳಿದರು.

ಇಲ್ಲ. ದಸರಾಕ್ಕೆ ಊರಿಗೆ ಹೋಗುವಾಗ ಈ ಸಂಚಿಕೆಯ ಒಂದು ಪ್ರತಿ ಒಯ್ಯುತ್ತೇನೆ. ಟೋಳಿ ಹೊರಡುವ ಮೊದಲು ಅವನು ಮನೆಯಲ್ಲಿರುತ್ತಾನೆ. ಕನ್ನಡ ಓದುವುದರಲ್ಲಿ ಅವನು ಈಗಲೂ ನನಗಿಂತ ಚುರುಕು.