ನಾಲ್ಕು ಮತ್ತಿ ಕಾಲುಗಳು

ಮೀನಿನ ತೊಟ್ಟಿ ನಾನು ಕೊಂಡದ್ದಲ್ಲ. ಪಿಎಚ್‌ಡಿ ಮುಗಿಸಿ ಜರ್ಮನಿಗೆ ಹೊರಟ ಗೆಳತಿ ಕೊಟ್ಟುಹೋದದ್ದು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ, ಅದರ ಸ್ಟ್ಯಾಂಡು, ಐದು ಗೋಲ್ಡ್ ಫಿಶ್. ‘ಅರ್ಧಕ್ಕಿಂತ ಜಾಸ್ತಿ ನೀರು ತುಂಬಬೇಡ, ಸ್ಟ್ಯಾಂಡ್ ತಡೆಯಲ್ಲ’ ಎಂದಿದ್ದಳು. ಎರಡು ವರ್ಷ ಹಾಗೇ ನಡೆಯಿತು.

ಅಷ್ಟರಲ್ಲಿ ಮೀನುಗಳು ಅಂಗೈಯಗಲ ಬೆಳೆದಿದ್ದವು. ಕುಕ್ಕರಹಳ್ಳಿ ಕೆರೆಯ ನೀರನ್ನು ಬಾಟಲಿಗಳಲ್ಲಿ ತಂದು ಫಾಸ್ಫೇಟು, ಅಮೋನಿಯಾ ಅಳೆಯುವುದು ನನ್ನ ಸಂಶೋಧನೆ. ಒಂದು ದಿನ ಮನೆಯ ತೊಟ್ಟಿಯ ನೀರನ್ನೂ ಅಳೆದೆ. ನಾಚಿಕೆಯಾಯಿತು. ತೊಟ್ಟಿ ಪೂರ್ತಿ ತುಂಬಬೇಕು, ದೊಡ್ಡ ಫಿಲ್ಟರ್ ಬೇಕು. ಬೇಸಿಗೆಯಲ್ಲಿ ಕರೆಂಟು ಹೋದರೂ ಅದು ಓಡಬೇಕು. ಸೀನಿಯರ್ ಒಬ್ಬರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಇನ್ವರ್ಟರ್ ಬ್ಯಾಟರಿ ಮೂಲೆಯಲ್ಲಿತ್ತು. ಫಿಲ್ಟರನ್ನೂ ಅದನ್ನೂ ಸ್ಟ್ಯಾಂಡಿನ ಕೆಳಹಲಗೆಯ ಮೇಲೆ ಇಡೋಣ ಎಂದುಕೊಂಡೆ.

ಲೆಕ್ಕ ಹಾಕಿದೆ. ತುಂಬಿದರೆ 191 ಲೀಟರ್, ಅಂದರೆ 191 ಕೆಜಿ ನೀರು. ಗಾಜು, ಜಲ್ಲಿ, ಕಲ್ಲು ಸೇರಿ 250 ಕೆಜಿ. ಬ್ಯಾಟರಿಯೊಂದೇ ಇನ್ನೂ 50 ಕೆಜಿ. ಸ್ಟ್ಯಾಂಡನ್ನು ಅಲ್ಲಾಡಿಸಿದೆ, ಎಡಕ್ಕೂ ಬಲಕ್ಕೂ ಓಲಾಡಿತು. ಹೆದರಿ ತೀರ್ಥಹಳ್ಳಿಗೆ ಫೋನ್ ಮಾಡಿದೆ. ಅಪ್ಪ ಬಡಗಿ. ‘ನೀನು ಮುಟ್ಟಬೇಡ ಮಾರಾಯ್ತಿ, ನಾನೇ ಬರ್ತೀನಿ’ ಎಂದರು.

ರಾತ್ರಿ ಬಸ್ಸಿಗೆ ಬಂದರು. ಕೈಯಲ್ಲಿ ಹತಾರಗಳ ಚೀಲ, ಗೋಣಿಯಲ್ಲಿ ಸುತ್ತಿದ ಮತ್ತಿ ಮರದ ತುಂಡುಗಳು. ಮೀನುಗಳನ್ನು ಹಳೇ ನೀರಿನ ಸಮೇತ ನೀಲಿ ಡ್ರಮ್ಮಿಗೆ ಬಿಟ್ಟು ಗಾಳಿಯ ಪಂಪು ಹಾಕಿದೆವು. ಅಪ್ಪ ಸ್ಟ್ಯಾಂಡನ್ನು ಬೋರಲು ಹಾಕಿ ನೋಡಿದರು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ನೀರು ತೊಟ್ಟಿಕ್ಕಿದ ಕಡೆ ಕೆಳಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು.

‘ಭಾರ ಎಲ್ಲಿ ಇಳೀತದೆ ಹೇಳು.’

ಮೇಲಿನ ಹಲಗೆ ಎರಡು ಪಕ್ಕದ ಹಲಗೆಗಳ ನಡುವೆ ಎಂಟು ಸ್ಕ್ರೂಗಳಲ್ಲಿ ನೇತಾಡುತ್ತಿತ್ತು. ಎರಡು ವರ್ಷ ಅರ್ಧ ತೊಟ್ಟಿಯನ್ನು ಹೊತ್ತದ್ದು ಆ ಸ್ಕ್ರೂಗಳು. ‘ಸ್ಕ್ರೂ ಮರವನ್ನು ಹಿಡ್ಕೊಂಡಿರಬೇಕು ಅಷ್ಟೆ. ಭಾರ ಮರದಿಂದ ಮರಕ್ಕೆ ಇಳಿದು ನೆಲ ಮುಟ್ಟಬೇಕು’ ಎಂದರು.

ಉಬ್ಬಿದ ಹಲಗೆ ಕಿತ್ತರು. ನಾಲ್ಕು ಮೂಲೆಗೆ ನೆಲದಿಂದ ನೇರ ಏಳುವ ನಾಲ್ಕು ಕಾಲು, ಅವುಗಳ ಮೇಲೆ ಹಿಂದೊಂದು ಮುಂದೊಂದು ಅಡ್ಡಪಟ್ಟಿ, ಅದರ ಮೇಲೆ ಹೊಸ ಪ್ಲೈವುಡ್. ಓಲಾಡದಂತೆ ಬೆನ್ನಿಗೆ 12 ಎಂಎಂ ಪ್ಲೈವುಡ್ ಅಂಟಿಸಿ ಬಿಗಿಯುವುದು. ಬ್ಯಾಟರಿಗೆ ಮಾತ್ರ ಒಪ್ಪಲೇ ಇಲ್ಲ. ‘ನೀರಿನ ಕೆಳಗೆ ಕರೆಂಟು ಇಡ್ತಾರೇನೇ?’ ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡುವ ಕಡೆ ಇರಬೇಕು ಎಂದು ರಸಾಯನಶಾಸ್ತ್ರ ಓದಿದ ನನಗೆ ಹೊಳೆಯಬೇಕಿತ್ತು. ಅದು ಕಿಟಕಿಯ ಹತ್ತಿರ ಹೋಯಿತು.

ಎರಡು ಕಾಲು ಕೊಯ್ಯುವಷ್ಟರಲ್ಲಿ ಅಪ್ಪನ ಬಲಭುಜ ಸೋತಿತು. ಮೂರು ವರ್ಷದ ಹಿಂದೆ ಮಾಡಿನಿಂದ ಬಿದ್ದ ಭುಜ. ಸ್ವಲ್ಪ ಹೊತ್ತು ಸುಮ್ಮನೆ ಕೂತವರು ಗರಗಸವನ್ನು ನನ್ನ ಕಡೆ ಚಾಚಿದರು. ಚಿಕ್ಕವಳಿದ್ದಾಗ ಉಳಿ, ಗರಗಸ ಅಣ್ಣನಿಗೆ. ಹೊಟ್ಟು ಗುಡಿಸುವುದು ನನಗೆ. ಅಣ್ಣ ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಮತ್ತಿ ಕಬ್ಬಿಣದಷ್ಟು ಗಟ್ಟಿ. ‘ಒತ್ತಬೇಡ, ಎಳಿ. ಅದಕ್ಕೇ ಹಲ್ಲಿದೆ’ ಎಂದರು. ಮೂರನೆಯ ಕಾಲು ಸ್ವಲ್ಪ ಓರೆಯಾಯಿತು, ಕೀಸುಳಿಯಲ್ಲಿ ಸರಿಮಾಡಿದರು. ನಾಲ್ಕನೆಯದಕ್ಕೆ ಏನೂ ಹೇಳಲಿಲ್ಲ.

ನೆಲ ಬಚ್ಚಲಿನ ಕಡೆಗೆ ಇಳಿಜಾರು. ರಸಮಟ್ಟ ಇಟ್ಟು ಎರಡು ಕಾಲಿನಡಿ ತೆಳು ಚಕ್ಕೆ ಕೊಡುವಾಗ, ತಲೆಯೆತ್ತದೆ ಕೇಳಿದರು: ‘ಸ್ಕಾಲರ್‌ಶಿಪ್ ಬರ್ತಾ ಇದ್ಯಾ?’

ಐದು ವರ್ಷದ ಫೆಲೋಶಿಪ್ಪು ಮಾರ್ಚಿಗೇ ಮುಗಿದಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ‘ಸಾಕು, ಬಾ’ ಎನ್ನುತ್ತಾರೆಂಬ ಹೆದರಿಕೆ. ಆವತ್ತು ಹೇಳಿದೆ.

ಅಪ್ಪ ರಸಮಟ್ಟದ ಗುಳ್ಳೆ ನಡುವೆ ನಿಲ್ಲುವತನಕ ಮಾತಾಡಲಿಲ್ಲ. ಆಮೇಲೆ ಗಿರಾಕಿಗೆ ಕೇಳುವ ಹಾಗೆ ಕೇಳಿದರು. ‘ಇನ್ನೆಷ್ಟು ತಿಂಗಳ ಕೆಲಸ?’

‘ಎಂಟು.’

‘ತಿಂಗಳಿಗೆ?’

ಬಾಡಿಗೆ 5,000, ಊಟ 3,500, ಮಿಕ್ಕದ್ದು 1,500. ಪೆನ್ಸಿಲಿನಲ್ಲಿ ಬೆನ್ನ ಪ್ಲೈವುಡ್ಡಿನ ಒಳಗೇ ಬರೆದು ಕೂಡಿದರು. ಎಂಟರಿಂದ ಗುಣಿಸಿ 80,000 ಎಂದು ಬರೆದು ಕೆಳಗೆ ಗೆರೆ ಎಳೆದರು. ‘ಅರ್ಧ ನಾನು ಕೊಡ್ತೀನಿ. ಪೂರ್ತಿ ನನ್ನ ಕೈಲಿ ಆಗಲ್ಲ ಮಗಾ. ಉಳಿದದ್ದು ನೀನು ಪಾಠ ಗೀಠ ಹೇಳಿ ದುಡ್ಕೋ.’ ಬೇಡ ಎನ್ನಲು ಬಾಯಿ ತೆರೆದೆ. ‘ಆ ಥರ್ಮೋಕೋಲ್ ತಗಂಬಾ’ ಎಂದರು.

ಗಾಜಿನಡಿಗೆ ಥರ್ಮೋಕೋಲ್ ಹಾಸಿ, ತೊಟ್ಟಿ ಕೂರಿಸಿ, ಅರ್ಧ ತುಂಬಿ ಒಂದು ರಾತ್ರಿ ಬಿಟ್ಟೆವು. ನಾನು ಮೂರು ಸಲ ಎದ್ದು ಟಾರ್ಚ್ ಹಾಕಿ ನೋಡಿದೆ. ಮೂರನೆಯ ಸಲ ಅಪ್ಪನೂ ಎದ್ದು ಕೂತಿದ್ದರು. ‘ಅದು ಎಲ್ಲಿಗೂ ಹೋಗಲ್ಲ, ಮಲಗು’ ಎಂದರು. ಬೆಳಿಗ್ಗೆ ಪೂರ್ತಿ ತುಂಬಿ, ರಸಮಟ್ಟ ಇನ್ನೊಮ್ಮೆ ನೋಡಿ, ಹತ್ತೂವರೆಯ ಬಸ್ಸಿಗೆ ಹೋದರು.

ಈಗ ಎರಡು ಮನೆಯ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ನಾಲ್ಕನೆಯ ಅಧ್ಯಾಯ ಗೈಡ್ ಹತ್ತಿರ ಇದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಲು ಸ್ಟ್ಯಾಂಡಿನೊಳಗೆ ತಲೆ ಹಾಕಿದಾಗ ಆ ಲೆಕ್ಕ ಕಾಣುತ್ತದೆ. ಮೊನ್ನೆ ಅದರ ಪಕ್ಕದಲ್ಲಿ ಮೂರು ಗೀಟು ಹಾಕಿದೆ. ಮೂರು ತಿಂಗಳು ಮುಗಿದವು, ಐದು ಉಳಿದಿವೆ.