ಯಡೂರಿನ ಬಯಲಲ್ಲಿ ಗಾಲಿಯ ಮನೆ

ಚಿಕ್ಕೋಡಿ ಕಡೆಯಿಂದ ಯಡೂರಿಗೆ ಹೋಗುವಾಗ ದಾರಿಯ ಎರಡೂ ಬದಿಗೆ ಕಬ್ಬು. ಕಬ್ಬಿನ ಆಚೆ ಕೃಷ್ಣಾ ನದಿ. ನದಿಯ ದಂಡೆಯಲ್ಲಿ ವೀರಭದ್ರ ದೇವರ ಗುಡಿ, ಕಾಡಸಿದ್ಧೇಶ್ವರ ಮಠ. ಜಾತ್ರೆಯ ದಿನಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಇಲ್ಲಿ ಸೇರುತ್ತಾರೆ. ದೇವರ ದರ್ಶನ ಮುಗಿಸಿದ ಮೇಲೆ ಗಾಡಿಗಳು ನಿಂತ ಬಯಲನ್ನೂ ಒಂದು ಸುತ್ತು ನೋಡಬೇಕು. ಅದೊಂದು ಊರೇ. ಟ್ರ್ಯಾಕ್ಟರಿನ ಟ್ರೇಲರ್‌ಗೆ ಬಿದಿರು ಬಾಗಿಸಿ ತಾಡಪತ್ರಿ ಹೊದಿಸಿದ ಮನೆ, ಟೆಂಪೊದೊಳಗೆ ಜಮಖಾನೆ ಹಾಸಿದ ಮನೆ, ಹಿಂದಿನ ಸೀಟಿನ ಜಾಗದಲ್ಲಿ ಹಲಗೆಯ ಮಂಚ ಕೂಡಿಸಿದ ಪೆಟ್ರೋಲ್ ವ್ಯಾನಿನ ಮನೆ. ಒಂದು ಕಡೆ ರೊಟ್ಟಿ ಬಡಿಯುವ ಸದ್ದು, ಇನ್ನೊಂದು ಕಡೆ ತೊಟ್ಟಿಲು. ತೊಟ್ಟಿಲನ್ನು ಕಟ್ಟಿದ್ದು ಟ್ರೇಲರಿನ ಕಂಬಿಗೆ!

ಹೊರದೇಶಗಳಲ್ಲಿ ಇಂಥದ್ದಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕಕ್ಕೆ ಅದು ಹೊಸದೇನಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರದೂ ಗಾಲಿಯ ಮೇಲಿನ ಮನೆಯೇ. ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕಿ, ಗಾಲಿ ಕಳಚದಂತೆ ತಡೆಯುವ ಕಡಾಣಿ ಗಟ್ಟಿ ಇದೆಯೇ ಎಂದು ಬಡಿದು ನೋಡುತ್ತಿದ್ದರು. ಎತ್ತು ದಣಿದರೆ ತಾನೇ ನಿಲ್ಲುತ್ತಿತ್ತು. ಇಂಜಿನ್ನು ಹಾಗಲ್ಲ, ಅದು ದಣಿದದ್ದನ್ನು ನಾವೇ ಗುರುತಿಸಬೇಕು.

ನಮ್ಮದೂ ಹಳೆಯ ಪೆಟ್ರೋಲ್ ವ್ಯಾನೇ. ಒಳಗೆ ಒಂದು ಮಂಚ, ನೀರಿನ ಕ್ಯಾನು, ಸಣ್ಣ ಒಲೆ, ಒಂದು ಫ್ಯಾನು. ಒಂದು ಮುಂಜಾನೆ ಪಕ್ಕದ ವ್ಯಾನಿನವರು ಕೀಲಿ ತಿರುವಿದರೆ ಬರೀ ‘ಕಟಕಟ’ ಸದ್ದು, ಇಂಜಿನ್ ಸುತ್ತಲಿಲ್ಲ. ಆ ಟ್ರೇಲರಿನ ಜೊತೆ ಬಂದಿದ್ದ ಮಿಸ್ತ್ರಿಯೊಬ್ಬರು ಎದ್ದು ಬಂದರು. ನನ್ನ ಮಗನನ್ನೂ ಹತ್ತಿರ ಕರೆದು, “ತಮ್ಮಾ, ಬಾ ಇಲ್ಲೆ. ಮೊದಲ ಕಿವಿ ಕೊಟ್ಟು ಕೇಳು. ಏನಾಗೇತಿ ಅನ್ನೋದು ಗಾಡಿನ ಹೇಳತೈತಿ” ಎಂದರು.

ಅವರು ಹೇಳಿಕೊಟ್ಟದ್ದು ಇಷ್ಟು. ‘ಕಟಕಟ’ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ತಂತಿಯ ತುದಿ ಸಡಿಲವಾಗಿದೆ, ಬಿಳಿ ಪುಡಿ ಕಟ್ಟಿದೆ. ಇಂಜಿನ್ ಚೆನ್ನಾಗಿ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಿಡಿ. ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಬರುತ್ತಿಲ್ಲ. ಇಂಜೆಕ್ಷನ್ ಇರುವ ಗಾಡಿಯಲ್ಲಿ ಕೀಲಿಯನ್ನು ಅರ್ಧ ತಿರುವಿದಾಗ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ‘ಝುಂಯ್’ ಎನ್ನುತ್ತದೆ. ಆ ಸದ್ದಿಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು. ಅಲ್ಲಿಗೇ ಅರ್ಧ ಕೆಲಸ ಮುಗಿಯಿತು.

ಆ ವ್ಯಾನಿನಲ್ಲಿ ಬ್ಯಾಟರಿ ಇಳಿದದ್ದು ಹೇಗೆ? ಮಕ್ಕಳು ಲೆಕ್ಕ ಮಾಡಬಹುದು. ಸಣ್ಣ ವ್ಯಾನಿನ ಬ್ಯಾಟರಿ 12 ವೋಲ್ಟ್, 35 ಆಂಪಿಯರ್-ಗಂಟೆ ಎಂದುಕೊಳ್ಳಿ. ಫ್ಯಾನು ಗಂಟೆಗೆ 2 ತಿಂದರೆ ರಾತ್ರಿಯ 8 ಗಂಟೆಗೆ 16 ಹೋಯಿತು. ಹೆಚ್ಚುಕಡಿಮೆ ಅರ್ಧ. ಮೇಲೊಂದು ದೀಪ, ಮೂರು ಮೊಬೈಲು. ಹಳೆಯ ಬ್ಯಾಟರಿಯಾದರೆ ಬೆಳಿಗ್ಗೆ ಇಂಜಿನ್ ಸುತ್ತಿಸಲು ಏನು ಉಳಿದೀತು? ತಪ್ಪು ಬ್ಯಾಟರಿಯದಲ್ಲ. ಗಾಡಿಯ ಬ್ಯಾಟರಿಯನ್ನು ಮಾಡಿದ್ದು ಇಂಜಿನ್ನನ್ನು ಎಬ್ಬಿಸಲು, ರಾತ್ರಿಯಿಡೀ ಮನೆ ಬೆಳಗಲು ಅಲ್ಲ. ಮನೆಗೆ ಬೇರೆ ಬ್ಯಾಟರಿ ಇಡಬೇಕು.

ಗಾಲಿಯ ಮನೆಯ ತೊಂದರೆಗಳೆಲ್ಲ ಹೀಗೆಯೇ ಹುಟ್ಟುತ್ತವೆ. ಗಾಡಿಯಾಗಿ ಅದು ಚೆನ್ನಾಗಿರುತ್ತದೆ, ಮನೆಯಾಗಿಯೂ ಚೆನ್ನಾಗಿರುತ್ತದೆ. ಎರಡೂ ಒಂದೇ ಡಬ್ಬಿಯಲ್ಲಿ ಸಂಸಾರ ಹೂಡಿದಾಗ ಜಗಳ. ಗಾಲಿಗಳನ್ನೇ ನೋಡಿ. 1 ಲೀಟರ್ ನೀರು ಎಂದರೆ 1 ಕಿಲೊ ತೂಕ, 60 ಲೀಟರ್ ತುಂಬಿಸಿದರೆ ಒಬ್ಬ ಮನುಷ್ಯನನ್ನು ಹೆಚ್ಚಿಗೆ ಕೂರಿಸಿದಂತೆ. ಮನೆಯ ಅಡುಗೆ ಸಿಲಿಂಡರಿನಲ್ಲಿ ಗ್ಯಾಸ್ 14.2 ಕಿಲೊ, ಆದರೆ ಕಬ್ಬಿಣದ ತೂಕ ಸೇರಿದರೆ ಅದರ ಎರಡರಷ್ಟು. ಹಲಗೆ, ಪಾತ್ರೆ, ಅಕ್ಕಿ, ಜೋಳದ ಹಿಟ್ಟು, ಅಜ್ಜಿ. ಎಲ್ಲವನ್ನೂ ಹೊರುವುದು ಅಂಗೈ ಅಗಲ ನೆಲಕ್ಕೆ ತಾಗುವ ನಾಲ್ಕು ಟೈರು. ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಎಷ್ಟು ಇರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಹತ್ತಿರದ ಚೀಟಿಯಲ್ಲಿರುತ್ತದೆ.

ಟೈರಿನ ವಯಸ್ಸು ಓದುವ ಕೆಲಸವನ್ನು ಮಕ್ಕಳಿಗೇ ಬಿಡಿ, ಅವರಿಗದು ಆಟ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ವರ್ಷಕ್ಕೆ ನಾಲ್ಕೇ ಜಾತ್ರೆ ನೋಡುವ ಗಾಡಿಯ ಟೈರು ಸವೆಯುವುದಿಲ್ಲ, ಬಿಸಿಲಲ್ಲಿ ನಿಂತು ಮುದಿಯಾಗುತ್ತದೆ. ಮೇಲೆ ಹೊಸದರ ಹಾಗೆ ಕಂಡರೂ ಬದಿಯಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ ಅದನ್ನು ನಂಬಬಾರದು.

ಯಡೂರಿನಿಂದ ಶ್ರೀಶೈಲದವರೆಗೂ ನಡೆದವರಿದ್ದಾರೆ. 2022ರಲ್ಲಿ ಶ್ರೀಶೈಲ ಪೀಠದ ಡಾ. ಚನ್ನಸಿದ್ಧರಾಮ ಪಂಡಿತಾರಾಧ್ಯ ಸ್ವಾಮೀಜಿಯವರು ಇಲ್ಲಿಂದಲೇ ಪಾದಯಾತ್ರೆ ಹೊರಟಿದ್ದರು. ಯುಗಾದಿಯ ಹೊತ್ತಿಗೆ ನಮ್ಮ ಭಾಗದ ಎಷ್ಟೋ ಊರುಗಳಿಂದ ಮಲ್ಲಯ್ಯನ ಭಕ್ತರು ನಡೆದು ಹೋಗುತ್ತಾರೆ, ಹಿಂದೆ ಸಾಮಾನಿನ ಗಾಡಿಗಳು ಬರುತ್ತವೆ. ನಡೆಯುವವರ ಬೆನ್ನಿಗೇ ಗಾಡಿ ತೆವಳಿದರೆ ಇಂಜಿನ್ನಿಗೆ ಅದೇ ದೊಡ್ಡ ಶಿಕ್ಷೆ. ಓಡುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗುತ್ತದೆ, ತೆವಳುವಾಗ ಸಿಗದು. ಕ್ಲಚ್ಚೂ ಸವೆಯುತ್ತದೆ. ನಾಲ್ಕೈದು ಕಿಲೊಮೀಟರ್ ಮುಂದೆ ಹೋಗಿ, ಮರದ ನೆರಳಲ್ಲಿ ಇಂಜಿನ್ ಆರಿಸಿ, ಚಹಾ ಕಾಯಿಸಿಟ್ಟು ಕಾಯುವುದೇ ಸರಿ. ಬಿಸಿಯ ಮುಳ್ಳು ಮೇಲೇರಿದರೆ ಗಾಡಿ ನಿಲ್ಲಿಸಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ತೆರೆಯಲೇಬಾರದು. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಕಾರಂಜಿಯಂತೆ ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಬೇಕು.

ಈ ಸೀಮೆಗೇ ವಿಶೇಷವಾದ ಒಂದು ಅಪಾಯವಿದೆ: ರವದಿ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಸೋಗೆ. ಗಾಳಿಗೆ ಹಾರಿ ರೇಡಿಯೇಟರಿನ ಮುಂದೆ ಅಂಟಿದರೆ ಗಾಡಿ ಕಾಯುತ್ತದೆ, ಅದನ್ನು ಕೈಯಿಂದ ತೆಗೆದರೆ ಆಯಿತು. ಕೆಳಗೆ ಸಿಕ್ಕಿಕೊಂಡು ಸೈಲೆನ್ಸರ್ ಕೊಳವೆಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಆಗತಾನೆ ಓಡಿ ಬಂದ ಗಾಡಿಯನ್ನು ಮೆತ್ತಗಿದೆಯೆಂದು ರವದಿಯ ಮೇಲೆ ನಿಲ್ಲಿಸುವವರನ್ನು ಕಂಡರೆ ಮಿಸ್ತ್ರಿಗೆ ಸಿಟ್ಟು. “ಅಕ್ಕಾರ, ಒಲಿ ಮ್ಯಾಲ ಯಾರರ ಹಾಸಿಗಿ ಹಾಸ್ತಾರೇನ್ರಿ?” ಎಂದರು.

ಅದೇ ಕಬ್ಬು ಈಗ ಟ್ಯಾಂಕಿನೊಳಗೂ ಇದೆ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದಲೂ ಕಬ್ಬಿನ ರಸದಿಂದಲೂ ಎಥೆನಾಲ್ ಮಾಡಿ ಪೆಟ್ರೋಲಿಗೆ ಬೆರೆಸುತ್ತಾರೆ. ಶೇಕಡಾ 20 ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಹಳೆಯ ಗಾಡಿಯವರು ಎರಡು ಸಂಗತಿ ಗಮನಿಸಬೇಕು. ಎಥೆನಾಲಿಗೆ ಹಳೆಯ ರಬ್ಬರ್ ಪೈಪು, ವಾಷರುಗಳು ತಾಳಿಕೊಳ್ಳದಿರಬಹುದು. ಮೆತ್ತಗಾಗಿವೆಯೇ, ಬಿರಿದಿವೆಯೇ, ಪೆಟ್ರೋಲ್ ವಾಸನೆ ಬರುತ್ತಿದೆಯೇ ನೋಡಿ ಬದಲಿಸಬೇಕು. ಇನ್ನೊಂದು, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಲ್ಲಬಹುದು. ಇಂಜಿನ್ ಹೊತ್ತಿಕೊಂಡು, ಕೆಮ್ಮಿ, ಆರುವುದಕ್ಕೆ ಇದೂ ಒಂದು ಕಾರಣ.

ವ್ಯಾನಿನಲ್ಲಿ ಪೆಟ್ರೋಲ್ ವಾಸನೆಯ ಮಾತು ಬಂದರೆ ಒಲೆಯ ಮಾತು ಬರಲೇಬೇಕು. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಓಮ್ನಿಯಂಥ ವ್ಯಾನುಗಳಲ್ಲಿ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಅಂದರೆ ಮಲಗುವ, ಉಣ್ಣುವ ಜಾಗಕ್ಕೆ ಒಂದೆರಡು ಮೊಳ ದೂರದಲ್ಲೇ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೀರಿನಂತೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಕಿಟಕಿ ತೆರೆದಿದೆಯೆಂದು ಧೈರ್ಯ ಬೇಡ, ಬಾಗಿಲನ್ನೇ ತೆರೆಯಬೇಕು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಕೀಲಿ ತಿರುವದೆ, ಮೊದಲು ಮಕ್ಕಳನ್ನು ಇಳಿಸಬೇಕು. ಬಯಲಲ್ಲಿದ್ದ ತಿಳಿದ ಹೆಂಗಸರೆಲ್ಲ ಒಲೆಯನ್ನು ಕೆಳಗಿಳಿಸಿ, ಗಾಡಿಯಿಂದ ದೂರ, ಗಾಳಿ ನೋಡಿಕೊಂಡು ಹೂಡಿದ್ದರು. ಮನೆಯ ಸಿಲಿಂಡರಿನ ಗ್ಯಾಸಿನಿಂದ ಇಂಜಿನ್ ಓಡಿಸುವ ಜಾಣತನವಂತೂ ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ. ಗಾಡಿಯ ರಚನೆ ಬದಲಿಸುವುದಿದ್ದರೆ ಆರ್‌ಟಿಓ ಅನುಮತಿ ಬೇಕು ಎಂಬುದೂ ನೆನಪಿರಲಿ.

ಗ್ಯಾಸಿಗಾದರೂ ವಾಸನೆಯಿದೆ, ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಅದೂ ಇಲ್ಲ. ಸೆಖೆಯೆಂದು, ಚಳಿಯೆಂದು ಇಂಜಿನ್ ಚಾಲೂ ಇಟ್ಟು ಕಿಟಕಿ ಮುಚ್ಚಿ ಮಲಗಿದರೆ ನಿದ್ದೆಯಲ್ಲೇ ಜೀವ ಹೋಗಬಹುದು. ಮಲಗುವಾಗ ಇಂಜಿನ್ ಆರಿರಲೇಬೇಕು.

ಯಡೂರಿನಲ್ಲಿದ್ದು ಹೊಳೆಯ ಮಾತಾಡದಿದ್ದರೆ ಹೇಗೆ? ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಕೃಷ್ಣೆ ಏರುತ್ತದೆ. ಕಲ್ಲೋಳ–ಯಡೂರು ಸೇತುವೆ ಮುಳುಗಿದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. 2019ರ ಆಗಸ್ಟಿನಲ್ಲಿ ಈ ಸೀಮೆ ಕಂಡ ಮಹಾಪೂರವನ್ನು ಯಾರೂ ಮರೆತಿಲ್ಲ. ನೀರು ಹರಿಯುವ ಸೇತುವೆಗೆ ಗಾಡಿ ಇಳಿಸಬಾರದು, ಅದಕ್ಕೆ ಎರಡು ಮಾತಿಲ್ಲ. ನಿಂತಲ್ಲೇ ಗಾಡಿ ನೀರಲ್ಲಿ ಮುಳುಗಿತ್ತು ಎನ್ನಿ. ನೀರು ಇಳಿದ ಮೇಲೆ ‘ಚಾಲೂ ಆಗುತ್ತದೋ ನೋಡೋಣ’ ಎಂದು ಕೀಲಿ ತಿರುವುವುದು ಎಲ್ಲರ ಮೊದಲ ಆಸೆ. ಇಂಜಿನ್ನಿನೊಳಗೆ ಪಿಸ್ಟನ್ ಒತ್ತುವುದು ಗಾಳಿ ಬೆರೆತ ಪೆಟ್ರೋಲನ್ನು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒಳಗೆ ನೀರಿದ್ದರೆ ಪಿಸ್ಟನ್ನಿನ ರಾಡೇ ಬಾಗುತ್ತದೆ. ಬ್ಯಾಟರಿಯ ತಂತಿ ಬಿಚ್ಚಿ, ಆಯಿಲ್ ಕಡ್ಡಿ ಎಳೆದು ನೋಡಬೇಕು. ಆಯಿಲು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಎಳೆದುಕೊಂಡೇ ಮಿಸ್ತ್ರಿಯ ಬಳಿ ಒಯ್ಯಬೇಕು.

ಜಾತ್ರೆಗಳು ಮುಗಿದು ಗಾಡಿ ಮಳೆಗಾಲಕ್ಕೆ ನಿಲ್ಲುವಾಗಲೂ ಕೆಲಸವಿದೆ. ನೀರಿನ ಕ್ಯಾನು, ಸಿಲಿಂಡರು, ಕಾಳುಕಡಿ ಎಲ್ಲ ಇಳಿಸಬೇಕು. ಟ್ಯಾಂಕು ತುಂಬಿಸಿಟ್ಟರೆ ತೇವದ ಗಾಳಿಗೆ ಒಳಗೆ ಜಾಗ ಕಡಿಮೆ. ವಾರಕ್ಕೊಮ್ಮೆ ಬಯಲಿಗೆ ತಂದು ಇಪ್ಪತ್ತು ನಿಮಿಷ ಓಡಿಸಿದರೆ ಬ್ಯಾಟರಿಯೂ ತುಂಬುತ್ತದೆ, ಟೈರೂ ಒಂದೇ ಕಡೆ ಒತ್ತಿ ಚಪ್ಪಟೆಯಾಗದು. ಕಬ್ಬಿನ ಸೀಮೆಯಲ್ಲಿ ಇಲಿಗಳ ಕಾಟ ಹೆಚ್ಚು, ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಕಡಿದು ಹಾಕುತ್ತವೆ. ಸೈಲೆನ್ಸರ್ ಕೊಳವೆಯ ಬಾಯಿಗೆ ಹಳೆಯ ಬಟ್ಟೆ ತುರುಕಿಡುವುದು ನಮ್ಮ ಮನೆಯಲ್ಲಿ ಮಗನ ಕೆಲಸ. ಕೆಂಪು ಬಟ್ಟೆಯೇ ಆಗಬೇಕು, ಅದರ ಇನ್ನೊಂದು ತುಂಡನ್ನು ಸ್ಟಿಯರಿಂಗಿಗೆ ಕಟ್ಟಬೇಕು. ಕೀಲಿ ಹಾಕುವವರು ಅದನ್ನು ಕಂಡು, ಮೊದಲು ಹಿಂದೆ ಹೋಗಿ ಕೊಳವೆಯ ಬಟ್ಟೆ ಕಿತ್ತು ಬರುತ್ತಾರೆ.