ಒಂದಕ್ಕೆ ಇಪ್ಪತ್ತು

ಹಾಲುರಾಮೇಶ್ವರ
2 ಸೆಪ್ಟೆಂಬರ್ 2022, ಶುಕ್ರವಾರ

ಅಡಿಕೆ ಸುಲಿಯುವ ಮೆಷಿನ್ನಿಗೆ ಲೇತಿನಲ್ಲಿ ಮಾಡುತ್ತಿದ್ದ ಶಾಫ್ಟ್ ಮೂರನೇ ಸಲ ಕೆಟ್ಟಿತು. 6205 ಬೇರಿಂಗ್ ಕೂರುವ ಜಾಗ, 25 ಮಿ.ಮೀ. ಬರಬೇಕು. ಚಕ್ ಕಡೆ ಚೆನ್ನಾಗಿಯೇ ಬರುತ್ತೆ. ಟೇಲ್‌ಸ್ಟಾಕ್ ಕಡೆ ಮಾತ್ರ ಮೈಯೆಲ್ಲ ಅಲೆ ಅಲೆ, ಉಗುರಲ್ಲಿ ಸವರಿದರೆ ಗರಗರ. ಮೊದಲು ಟೂಲನ್ನು ಬೈದೆ, ಆಮೇಲೆ ಸರಳನ್ನು ಬೈದೆ. ಸಂಜೆ ಡಯಲ್ ಗೇಜನ್ನು ಸೆಂಟರಿನ ಮೂತಿಗೆ ಹಚ್ಚಿ ಬೆರಳಲ್ಲಿ ಒತ್ತಿ ನೋಡಿದೆ. ಮುಳ್ಳು ಎಂಟು ಗೆರೆ ಓಡಿತು, ಒಂದು ಗೆರೆಗೆ 0.01 ಮಿ.ಮೀ. ಕೈ ಬಿಟ್ಟರೂ ವಾಪಸ್ ಬರಲಿಲ್ಲ. ಸೆಂಟರ್ ಕೂರುವ ಬ್ಯಾರೆಲ್ಲನ್ನು ಬಿಗಿಮಾಡಿ ಒತ್ತಿದರೂ ಅಷ್ಟೇ. ಅಂದರೆ ಬ್ಯಾರೆಲ್ ಗಟ್ಟಿಯಾಗೇ ಇದೆ, ಅದರೊಳಗೆ ಸೆಂಟರ್ ಆಡುತ್ತಿದೆ.

ಯಾಕೆ ಅಂತ ನನಗೆ ಗೊತ್ತು. ಯುಗಾದಿ ಹಿಂದೆಮುಂದೆ ಒಂದು ಪಂಪಿನ ಫ್ಲೇಂಜಿಗೆ 22ರ ತೂತು ಬೇಕಿತ್ತು. ತ್ರೀ ಫೇಸ್ ಕರೆಂಟ್ ಹೋಗುವ ಹೊತ್ತು ಅಂತ, ಸಣ್ಣ ಡ್ರಿಲ್ ಹಾಕದೆ ನೇರವಾಗಿ ದೊಡ್ಡದನ್ನೇ ನುಗ್ಗಿಸಿದೆ. ಕಚ್ಚಿಕೊಂಡಿತು. ಡ್ರಿಲ್ಲಿನ ಶ್ಯಾಂಕ್ ಬ್ಯಾರೆಲ್ಲಿನೊಳಗೇ ಗಿರ್ರನೆ ತಿರುಗಿತು. ಒರೆಸಿ, ಮರದ ಸುತ್ತಿಗೆಯಲ್ಲಿ ಹೊಡೆದು ಕೂರಿಸಿ, ಕೆಲಸ ಮುಗಿಸಿ ದುಡ್ಡೂ ಇಸಕೊಂಡಿದ್ದೆ.

3 ಸೆಪ್ಟೆಂಬರ್, ಶನಿವಾರ

ಹಳೇ ಸೆಂಟರನ್ನು ನಂಬದೆ ಹೊಸದೊಂದನ್ನು ತೆಗೆದೆ. ಎಂಟಿ 3, ಅಂದರೆ ಮೂರನೇ ನಂಬರಿನ ಮೋರ್ಸ್ ಟೇಪರ್. ಅದರ ಉದ್ದಕ್ಕೂ ಮೂರು ಕಡೆ ತೆಳ್ಳಗೆ ನೀಲಿ ಪೇಸ್ಟ್ ಎಳೆದು, ಮೆಲ್ಲಗೆ ಒಳಗಿಟ್ಟು, ಕಾಲು ಸುತ್ತು ತಿರುಗಿಸಿ ಹೊರಗೆಳೆದೆ. ಒಳತುದಿಯಲ್ಲಿ ಒಂದು ಬೆರಳಗಲ ಮಾತ್ರ ನೀಲಿ ಸವರಿಹೋಗಿತ್ತು. ಬಾಯಿ ಕಡೆ ಎಳೆದ ಗೆರೆ ಎಳೆದ ಹಾಗೇ ಇತ್ತು. ಬಾಯಿ ಗಂಟೆಯ ಹಾಗೆ ಅಗಲವಾಗಿದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಸುತ್ತ ಬಿದ್ದ ಗೀರು, ಅದರ ಅಂಚಿಗೆ ಎದ್ದ ಉಬ್ಬು. ಬೆಕ್ಕು ಪರಚಿದ ಹಾಗಿದೆ.

ಈ ಟೇಪರಿಗೆ ಕೀಲಿಲ್ಲ, ಬೋಲ್ಟಿಲ್ಲ. ಅಮೆರಿಕದ ಸ್ಟೀಫನ್ ಮೋರ್ಸ್ 1860ರ ದಶಕದಲ್ಲಿ ಮಾಡಿದ್ದು, ಇವತ್ತಿಗೂ ಅವನ ಹೆಸರಲ್ಲೇ ನಡೆಯುತ್ತಿದೆ. ಉದ್ದ ಇಪ್ಪತ್ತು ಹೋದರೆ ವ್ಯಾಸ ಹೆಚ್ಚುಕಡಿಮೆ ಒಂದು ಇಳಿಯುತ್ತೆ. ಮೈಗೆ ಮೈ ಪೂರ್ತಿ ಅಂಟಿದರೆ ಸಾಕು, ಹಿಡಿತ ತಾನಾಗಿ ಬರುತ್ತೆ. ಬೆರಳಗಲ ಅಂಟಿಕೊಂಡರೆ ಏನು ಹಿಡಿದೀತು?

4 ಸೆಪ್ಟೆಂಬರ್, ಭಾನುವಾರ

ಅಂಗಡಿ ಮುಚ್ಚಿದ್ದೆ. ಊರಲ್ಲೆಲ್ಲ ಮಾರಿಕಣಿವೆ ಡ್ಯಾಮು ಕೋಡಿ ಬಿದ್ದ ಮಾತೇ. 1933 ಆದಮೇಲೆ ಈಗಲೇ ಅಂತೆ, 89 ವರ್ಷ. ಅಪ್ಪನೂ ನೋಡಿರಲಿಲ್ಲ. ಹುಡುಗರು ಬೈಕ್ ಹತ್ತಿ ಹೋದರು, ನನ್ನನ್ನೂ ಕರೆದರು. ನಾನು ಹೋಗದೆ, ಬ್ಯಾರೆಲ್ಲಿನ ಒಳಮೈ ಹೆರೆದು ಸರಿಮಾಡುವ ರೀಮರಿಗಾಗಿ ಫೋನ್ ಮಾಡುತ್ತಾ ಕೂತೆ. ಹೊಸದರ ರೇಟು ಕೇಳಿ ಫೋನಿಟ್ಟೆ.

ಬೇಡಿದವರಿಗೆ ಗಂಗೆಕೊಳದಲ್ಲಿ ಪ್ರಸಾದ ತೇಲಿಬರುತ್ತೆ ಅಂತ ಎಲ್ಲೆಲ್ಲಿಂದಲೋ ಜನ ನಮ್ಮೂರಿಗೆ ಬರುತ್ತಾರೆ. "ನೀವೂ ಹೋಗಿ ಕೈಯೊಡ್ಡಿ ಕೂತ್ಕೊಳ್ರಿ, ರೀಮರ್ ಬಂದ್ರೂ ಬಂತು" ಅಂದಳು ಇವಳು. ಕಬ್ಬಿಣ ತೇಲಲ್ಲ ಕಣೇ ಅಂದೆ.

7 ಸೆಪ್ಟೆಂಬರ್, ಬುಧವಾರ

ಹರಿಹರಕ್ಕೆ ಹೋಗಿ ಬಂದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಊರು. 1997ರವರೆಗೆ ಹರಿಹರವೂ ನಮ್ಮ ಚಿತ್ರದುರ್ಗ ಜಿಲ್ಲೆಯೇ. ಲೇತ್ ಅಂದರೆ ಕಿರ್ಲೋಸ್ಕರ್ ಅನ್ನುತ್ತಿದ್ದ ಅಪ್ಪನಿಗೆ ಕೊನೆಗೂ ಕೊಳ್ಳಲಾಗಿದ್ದು ಬಟಾಲಾದ ಈ ನಾಲ್ಕೂವರೆ ಅಡಿಯದು. ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಪ್ಪನ ಸ್ನೇಹಿತರೊಬ್ಬರ ಹತ್ತಿರ ಎಂಟಿ 3 ರೀಮರ್ ಇದೆ ಅಂತ ತಿಳಿದಿತ್ತು. ಎಣ್ಣೆಬಟ್ಟೆ ಸುತ್ತಿ, ಪಿವಿಸಿ ಪೈಪಿನ ತುಂಡಿನಲ್ಲಿ ಇಟ್ಟಿದ್ದರು. ಕೊಡುವ ಮೊದಲು ಪರೀಕ್ಷೆ.

"ಬ್ಯಾರೆಲ್ ಗಟ್ಟಿ ಮಾಡಿದ್ದೋ, ಮೆತ್ತಗೋ?"

"ಅರ ತಾಗಿಸಿ ನೋಡ್ದೆ ಮಾವ, ಕಚ್ಚುತ್ತೆ."

"ಹಂಗಿದ್ರೆ ಆಯ್ತು. ಗಟ್ಟಿ ಇದ್ದಿದ್ರೆ ಗ್ರೈಂಡಿಂಗೇ ಆಗ್ಬೇಕಿತ್ತು, ಇದರ ಹಲ್ಲು ಹೋಗ್ತಿತ್ತು. ಎಷ್ಟು ತೆಗೀತೀಯಾ?"

"ಗೀರು ಪೂರ್ತಿ ಹೋಗೋವರ್ಗೂ."

ರೀಮರನ್ನು ಮತ್ತೆ ಪೈಪಿಗೆ ಇಳಿಸಿಬಿಟ್ಟರು! ವ್ಯಾಸದಲ್ಲಿ 0.1 ತೆಗೆದರೆ ಸೆಂಟರ್ 2 ಮಿ.ಮೀ. ಒಳಕ್ಕೆ ಇಳಿಯುತ್ತೆ, ಅರ್ಧ ತೆಗೆದರೆ ಹತ್ತು. ಆಮೇಲೆ ಬ್ಯಾರೆಲ್ಲನ್ನು ಹಿಂದಕ್ಕೆ ತರುವಾಗ ಸ್ಕ್ರೂ ಬೇಗ ತಗುಲಿ ಸೆಂಟರನ್ನು ಆಚೆ ತಳ್ಳುತ್ತೆ. ಉಬ್ಬು ಹೋಗಿ ಬಾಯಿ ಕಡೆ ಮೈ ಹಿಡಿದರೆ ನಿಲ್ಲಿಸು, ಗೀರು ಇರಲಿ ಬಿಡು ಅಂದರು. ಆಗ ಯುಗಾದಿಯ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. ಕಾಫಿ ತರಿಸಿದರು.

10 ಸೆಪ್ಟೆಂಬರ್, ಶನಿವಾರ

ಬೆಳಗ್ಗೆಯೇ ಮೇನ್ ಸ್ವಿಚ್ ತೆಗೆದೆ. ಇವತ್ತಿನದೆಲ್ಲ ಕೈಕೆಲಸ. ಟೇಲ್‌ಸ್ಟಾಕನ್ನು ಟೆಸ್ಟ್ ಬಾರಿಗೆ ಹೊಂದಿಸಿದೆ. ಚಕ್ ಬಿಚ್ಚಿ ಸ್ಪಿಂಡಲ್ಲಿಗೆ ಸೆಂಟರ್ ಹಾಕಿದೆ. ರೀಮರಿನ ಹಿಂಬದಿಯ ಸೆಂಟರ್ ತೂತು ಅದರ ಮೇಲೆ, ಮೂತಿ ಬ್ಯಾರೆಲ್ಲಿನೊಳಗೆ. ಹೀಗೆ ಮಾಡಿದರೆ ರೀಮರ್ ಅಡ್ಡಾದಿಡ್ಡಿ ಹೋಗದೆ ಲೇತಿನ ನೇರವನ್ನೇ ಹಿಡಿಯುತ್ತೆ. ಚೌಕದ ತುದಿಗೆ ಹಿಡಿ ಸಿಕ್ಕಿಸಿ, ಬಲಗೈಯಲ್ಲಿ ಅದನ್ನು ತಿರುಗಿಸುತ್ತಾ ಎಡಗೈಯಲ್ಲಿ ಟೇಲ್‌ಸ್ಟಾಕ್ ಚಕ್ರವನ್ನು ಕೂದಲೆಳೆಯಷ್ಟು ಮುಂದೆ ಬಿಟ್ಟೆ.

ಮೊದಲ ಸುತ್ತಿಗೆ ಉಬ್ಬಿನ ಮೇಲೆ ಕಟಕಟ ಅಂದಿತು. ನಾಲ್ಕನೇ ಸುತ್ತಿಗೆ ಸದ್ದು ಸಮವಾಯಿತು. ಎರಡು ಸುತ್ತಿಗೊಮ್ಮೆ ಹೊರಗೆ ತೆಗೆದು ಬ್ರಷ್ ಹೊಡೆದು ಎಣ್ಣೆ ಬಿಡಬೇಕು. ತೆಗೆಯುವಾಗಲೂ ಅದೇ ದಿಕ್ಕಿಗೆ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಹಲ್ಲು ಮುಕ್ಕಾಗುತ್ತೆ. ಚೂರುಗಳು ಕ್ಷೌರದಂಗಡಿಯ ನೆಲದಲ್ಲಿ ಬಿದ್ದ ನರೆಕೂದಲಿನ ಹಾಗೆ. ಮೊದಲು ಒಳತುದಿಯ ಚೂರೇ ಬರುತ್ತಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಬಾಯಿ ಕಡೆಯ ಹಲ್ಲಿಗೂ ಚೂರು ಅಂಟಿತು.

ನೀಲಿ ಹಚ್ಚಿದೆ. ಮೂರು ಗೆರೆಯೂ ಉದ್ದಕ್ಕೆ ಸವರಿದ್ದವು. ನಡುವೆ ದಾರದಷ್ಟು ಖಾಲಿ ಪಟ್ಟಿ, ಅದೇ ಗೀರಿನ ಜಾಗ. ಇನ್ನೆರಡು ಸುತ್ತು ಹಾಕಿದರೆ ಅದೂ ಹೋಗುತ್ತೆ ಅನ್ನಿಸಿತು. ಹಿಡಿಯ ಮೇಲೆ ಕೈ ಇಟ್ಟೂ ಆಗಿತ್ತು. ವರ್ನಿಯರ್ ಹಿಡಿದೆ: ಸೆಂಟರ್ 2.6 ಮಿ.ಮೀ. ಒಳಗಿಳಿದಿದೆ, ಅಂದರೆ ವ್ಯಾಸದಲ್ಲಿ 0.13 ಹೋಗಿದೆ. ರೀಮರ್ ಒರೆಸಿ ಪೈಪಿಗೆ ಹಾಕಿದೆ.

ಡಯಲ್ ಈಗ ಒಂದು ಗೆರೆ ಓಡುತ್ತೆ, ಕೈ ಬಿಟ್ಟರೆ ವಾಪಸ್ ಬರುತ್ತೆ.

12 ಸೆಪ್ಟೆಂಬರ್, ಸೋಮವಾರ

ಶಾಫ್ಟ್ ಆಯಿತು. ಬೇರಿಂಗ್ ಕೈಯಲ್ಲಿ ಅರ್ಧ ಹೋಯಿತು, ಉಳಿದರ್ಧಕ್ಕೆ ಪೈಪಿಟ್ಟು ನಾಲ್ಕು ಏಟು. ಹಳೇ ಡ್ರಿಲ್ಲಿನ ಶ್ಯಾಂಕಿನಲ್ಲೂ ಗಾಯವಿತ್ತು. ಅದು ಹಾಗೇ ಹೋಗಿ ಹೊಸ ಮೈಯನ್ನು ಪರಚೀತು ಅಂತ ಎಣ್ಣೆಕಲ್ಲಿನಲ್ಲಿ ಉಜ್ಜುತ್ತಾ ಕೂತಿದ್ದೆ. ಅಷ್ಟರಲ್ಲಿ ಒಬ್ಬ ಫ್ಲೇಂಜ್ ಹಿಡಕೊಂಡು ಬಂದ. 22ರ ತೂತು.

ಮೊದಲು ಹತ್ತು, ಆಮೇಲೆ ಹದಿನಾರು, ಆಮೇಲೆ ಇಪ್ಪತ್ತೆರಡು. ತ್ರೀ ಫೇಸ್ ಇನ್ನು ಕಾಲು ಗಂಟೆ ಇರುತ್ತಿತ್ತು. ನಾಳೆ ಬಾರಪ್ಪ ಅಂದೆ. ಪಂಪು ನಿಂತಿದೆ, ಹತ್ತು ನಿಮಿಷದ ಕೆಲಸಕ್ಕೆ ನಾಳೆ ಅಂತೀಯಲ್ಲಣ್ಣ ಅಂತ ಗೊಣಗುತ್ತಾ ಫ್ಲೇಂಜನ್ನು ಬೆಂಚಿನ ಮೇಲೆ ಧೊಪ್ಪನೆ ಇಟ್ಟು ಹೋದ.